ಕೈಗಾರಿಕಾ ಸ್ಥಾವರಗಳಲ್ಲಿ ಯು.ಪಿ.ಎಸ್. ಅಳವಡಿಕೆ: ಅರ್ಜಿದಾರರ ಗಮನಕ್ಕೆ

ಕೈಗಾರಿಕಾ ಘಟಕಗಳ ಮಾಲೀಕರು, ಹೊಸ ಘಟಕಕ್ಕಾಗಿ ಅರ್ಜಿ ಸಲ್ಲಿಸುವವರು ಹಾಗೂ ಅವರ ಪರವಾಗಿ ಕೆಲಸ ನಿರ್ವಹಿಸುವ ವಿದ್ಯುತ್ ಗುತ್ತಿಗೆದಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಅಡಚಣೆರಹಿತ ವಿದ್ಯುತ್ ಪೂರೈಕೆ ವ್ಯವಸ್ಥೆ, ಅಂದರೆ ಯು.ಪಿ.ಎಸ್., ಗಣಕಯಂತ್ರದ ಪಕ್ಕದಲ್ಲಿಡುವ ಒಂದು ಪೆಟ್ಟಿಗೆ ಎಂಬ ಭಾವನೆಯಿಂದ ಅನೇಕ ಅರ್ಜಿದಾರರು ಅದನ್ನು ಸ್ಥಾವರದ ನಕ್ಷೆಯಲ್ಲಿ ತೋರಿಸುವುದಿಲ್ಲ. ಕಾರ್ಖಾನೆಯಲ್ಲಿ ಯು.ಪಿ.ಎಸ್. ಎಂಬುದು ಎರಡನೆಯ ವಿದ್ಯುತ್ ಮೂಲವಾಗಿರುತ್ತದೆ. ಮುಖ್ಯ ಸ್ವಿಚ್ಚನ್ನು ತೆಗೆದ ಮೇಲೆಯೂ ಅದರಿಂದ ಹೊರಡುವ ತಂತಿಗಳಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಯಂತ್ರದ ರಕ್ಷಣೆಗೆಂದು ಅಳವಡಿಸಿದ ಸಾಧನವು ಕಾರ್ಮಿಕನ ಪ್ರಾಣಕ್ಕೆ ಅಪಾಯ ತರಬಾರದೆಂಬುದೇ ಈ ಮಾಹಿತಿಯ ಮುಖ್ಯ ಉದ್ದೇಶ.

ವ್ಯತ್ಯಯದ ಸ್ವರೂಪ

ವಿದ್ಯುತ್ ಸಂಪೂರ್ಣ ನಿಲುಗಡೆಯಾದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಯಂತ್ರಗಳನ್ನು ಹೆಚ್ಚಾಗಿ ಬಾಧಿಸುವುದು ಕಣ್ಣಿಗೆ ಕಾಣದಷ್ಟು ಅಲ್ಪಾವಧಿಯ ವೋಲ್ಟೇಜ್ ಕುಸಿತ. ಮುಂಗಾರುಪೂರ್ವ ಗಾಳಿಗೆ ಯಾವುದೋ ಮಾರ್ಗದ ಮೇಲೆ ಮರದ ಕೊಂಬೆ ಬಿದ್ದಿತೆಂದು ಭಾವಿಸೋಣ. ಆ ಮಾರ್ಗದ ಬ್ರೇಕರ್ ತೆರೆದುಕೊಳ್ಳುವವರೆಗೆ ಅದೇ ಉಪಕೇಂದ್ರದಿಂದ ಹೊರಡುವ ಇತರ ಎಲ್ಲ ಮಾರ್ಗಗಳಲ್ಲಿಯೂ ವೋಲ್ಟೇಜ್ ಕುಸಿಯುತ್ತದೆ. ನಮ್ಮಲ್ಲಿ ವಿದ್ಯುತ್ತಿನ ಆವರ್ತಾಂಕ 50 ಹರ್ಟ್ಸ್ ಆದುದರಿಂದ ಒಂದು ಆವರ್ತಕ್ಕೆ ತಗಲುವ ಕಾಲ 20 ಮಿಲಿಸೆಕೆಂಡ್. ಇಂತಹ ಕುಸಿತವು ಹಲವು ಬಾರಿ ಕೆಲವೇ ಆವರ್ತಗಳಲ್ಲಿ ಮುಗಿಯುತ್ತದೆ. ದೀಪವೊಂದು ಕಣ್ಣು ಮಿಟುಕಿಸಿದಂತೆ ಕಾಣಬಹುದು, ಅಷ್ಟೆ. ಆದರೆ ಅಷ್ಟರೊಳಗೆ ಕಾಂಟ್ಯಾಕ್ಟರ್ ಬಿಟ್ಟುಕೊಂಡು ಮೋಟಾರು ನಿಂತಿರುತ್ತದೆ, ಅಥವಾ ಯಂತ್ರವನ್ನು ನಿಯಂತ್ರಿಸುವ ಪಿ.ಎಲ್.ಸಿ. ಸ್ಥಗಿತಗೊಂಡಿರುತ್ತದೆ. ಮೋಟಾರು ಸುಟ್ಟಿದೆಯೆಂದು ಬಿಚ್ಚಿ ನೋಡಿ, ದೋಷವೇನೂ ಕಾಣದೆ ಮರಳಿ ಜೋಡಿಸಿ ಅರ್ಧ ದಿನ ಕಳೆದುಕೊಳ್ಳುವುದು ಸಣ್ಣ ಘಟಕಗಳಲ್ಲಿ ಅಪರೂಪವಲ್ಲ.

ದೊಡ್ಡ ಘಟಕಗಳೂ ಇದಕ್ಕೆ ಹೊರತಲ್ಲ. 2010ರ ಡಿಸೆಂಬರ್ 8ರಂದು ಜಪಾನಿನ ಯೊಕ್ಕೈಚಿಯಲ್ಲಿರುವ ತೋಶಿಬಾ ಸಂಸ್ಥೆಯ ಮೆಮೊರಿ ಚಿಪ್ ಕಾರ್ಖಾನೆಯಲ್ಲಿ ಕೇವಲ 0.07 ಸೆಕೆಂಡ್ ಕಾಲ ವೋಲ್ಟೇಜ್ ಕುಸಿಯಿತು. ಇದರ ಪರಿಣಾಮವಾಗಿ ಮುಂದಿನ ಎರಡು ತಿಂಗಳುಗಳ ಸರಬರಾಜು ಶೇ. 20ರವರೆಗೆ ಕಡಿಮೆಯಾಗಬಹುದೆಂದು ಸಂಸ್ಥೆಯೇ ಪ್ರಕಟಿಸಿತ್ತು.

ಇದಕ್ಕೆ ವ್ಯತಿರಿಕ್ತವಾಗಿ 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಉಂಟಾದಂತಹ ದೀರ್ಘ ನಿಲುಗಡೆಯನ್ನು ಯು.ಪಿ.ಎಸ್. ಮಾತ್ರದಿಂದ ಎದುರಿಸಲಾಗದು, ಅದಕ್ಕೆ ಜನರೇಟರ್ ಬೇಕು. (ದಕ್ಷಿಣದ ಜಾಲವು ಆಗ ಇತರ ಜಾಲಗಳೊಂದಿಗೆ ಏಕಕಾಲಿಕವಾಗಿ ಜೋಡಣೆಯಾಗಿರದ ಕಾರಣ ನಮ್ಮ ರಾಜ್ಯಕ್ಕೆ ಆ ತೊಂದರೆ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಜೋಡಣೆಯಾಗಿದೆ.)

ಯಾವ ಬಗೆಯ ಯು.ಪಿ.ಎಸ್.

ಆಫ್‌ಲೈನ್ ಬಗೆಯಲ್ಲಿ ಯಂತ್ರಕ್ಕೆ ಸಾಮಾನ್ಯವಾಗಿ ಮಾರ್ಗದ ವಿದ್ಯುತ್ತೇ ನೇರವಾಗಿ ಹೋಗುತ್ತದೆ. ಮಾರ್ಗ ಕೈಕೊಟ್ಟಾಗ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡ್ ಬೇಕು. ಲೈನ್ ಇಂಟರಾಕ್ಟಿವ್ ಬಗೆಯು ಇದರೊಂದಿಗೆ ವೋಲ್ಟೇಜಿನ ಏರಿಳಿತವನ್ನೂ ಸ್ವಲ್ಪಮಟ್ಟಿಗೆ ಸರಿಪಡಿಸುತ್ತದೆ. ಆನ್‌ಲೈನ್ ಬಗೆಯು ಒಳಬರುವ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿ, ಮತ್ತೆ ಪರ್ಯಾಯ ವಿದ್ಯುತ್ತಾಗಿ ಸದಾ ಪರಿವರ್ತಿಸುತ್ತಿರುವುದರಿಂದ ಬದಲಾವಣೆಯ ಅಂತರವೇ ಇರುವುದಿಲ್ಲ. ಪಿ.ಎಲ್.ಸಿ., ಸಿ.ಎನ್.ಸಿ. ನಿಯಂತ್ರಕ ಹಾಗೂ ಅಳತೆ ಉಪಕರಣಗಳಿಗೆ ಆನ್‌ಲೈನ್ ಬಗೆಯೇ ಸೂಕ್ತ.

ಯಾವುದನ್ನು ಜೋಡಿಸಬೇಕು, ಯಾವುದನ್ನು ಕೂಡದು

ಇಡೀ ಕಾರ್ಖಾನೆಯನ್ನು ಯು.ಪಿ.ಎಸ್. ಮೇಲೆ ನಡೆಸುವ ಯೋಚನೆ ದುಬಾರಿ ಮಾತ್ರವಲ್ಲ, ಅನಾವಶ್ಯಕವೂ ಹೌದು. 5 ಅಶ್ವಶಕ್ತಿಯ ಮೂರು ಫೇಸ್ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 7.5 ಆಂಪಿಯರ್ ಸೆಳೆಯುತ್ತದೆ. ಅದನ್ನೇ ನೇರವಾಗಿ ಚಾಲೂ ಮಾಡಿದಾಗ ಆ ಕ್ಷಣದಲ್ಲಿ ಇದರ ಆರೇಳು ಪಟ್ಟು ಸೆಳೆಯುತ್ತದೆ. ಈ ಹೊರೆಗೆ ತಕ್ಕ ಯು.ಪಿ.ಎಸ್. ಕೊಂಡರೆ ಅದರ ಬೆಲೆ ಮೋಟಾರಿನ ಬೆಲೆಯನ್ನು ಮೀರುತ್ತದೆ. ನಿಯಂತ್ರಣ ಮಂಡಲ, ಉಪಕರಣಗಳು, ಅಗ್ನಿ ಎಚ್ಚರಿಕೆ ವ್ಯವಸ್ಥೆ, ತುರ್ತು ದೀಪ, ಬಾಯ್ಲರಿನ ನಿಯಂತ್ರಕ ಇವುಗಳಿಗೆ ಮಾತ್ರ ಯು.ಪಿ.ಎಸ್. ಒದಗಿಸಿದಲ್ಲಿ ಸಣ್ಣ ಸಾಮರ್ಥ್ಯವೇ ಸಾಕಾಗುತ್ತದೆ. ಸಾಮರ್ಥ್ಯವನ್ನು ಲೆಕ್ಕ ಹಾಕುವಾಗ ಕೆವಿಎ ಮತ್ತು ಕಿಲೋವ್ಯಾಟ್ ಎರಡನ್ನೂ ನೋಡತಕ್ಕದ್ದು. 0.8 ಪವರ್ ಫ್ಯಾಕ್ಟರಿನ 10 ಕೆವಿಎ ಯು.ಪಿ.ಎಸ್. ಕೊಡುವುದು 8 ಕಿಲೋವ್ಯಾಟ್ ಮಾತ್ರ.

ತಾನಾಗಿ ಚಾಲೂ ಆಗುವ ಅಪಾಯ

ಅರ್ಜಿದಾರರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಸಾಮಾನ್ಯ ಸ್ಟಾರ್ಟರಿನಲ್ಲಿ ಕಾಂಟ್ಯಾಕ್ಟರಿನ ಕಾಯಿಲ್ ಅದೇ ಮಾರ್ಗದಿಂದ ವಿದ್ಯುತ್ ಪಡೆಯುತ್ತದೆ. ವಿದ್ಯುತ್ ಹೋದಾಗ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ, ವಿದ್ಯುತ್ ಮರಳಿದಾಗ ಹಸಿರು ಗುಂಡಿಯನ್ನು ಒತ್ತುವವರೆಗೆ ಯಂತ್ರ ತಿರುಗುವುದಿಲ್ಲ. ಇದೊಂದು ದೊಡ್ಡ ರಕ್ಷಣೆ. ಕುಸಿತದಿಂದ ಯಂತ್ರ ನಿಲ್ಲಬಾರದೆಂದು ಕಾಯಿಲನ್ನು ಯು.ಪಿ.ಎಸ್.ಗೆ ಜೋಡಿಸಿದಾಗ ಈ ರಕ್ಷಣೆ ಇಲ್ಲವಾಗುತ್ತದೆ. ವಿದ್ಯುತ್ ಹೋಗಿ ಯಂತ್ರ ನಿಂತಿದ್ದರೂ ಕಾಂಟ್ಯಾಕ್ಟರ್ ಹಿಡಿದುಕೊಂಡೇ ಇರುತ್ತದೆ. ಹೇಗಿದ್ದರೂ ಕರೆಂಟ್ ಇಲ್ಲವೆಂದು ಕಾರ್ಮಿಕನು ಸಿಕ್ಕಿಕೊಂಡ ಸರಕನ್ನು ಬಿಡಿಸಲು ಕೈ ಹಾಕಿರುವಾಗ ವಿದ್ಯುತ್ ಮರಳಿದರೆ ಯಂತ್ರ ಒಮ್ಮೆಲೇ ತಿರುಗತೊಡಗುತ್ತದೆ.

ಆದಕಾರಣ ಇಂತಹ ಜೋಡಣೆಯಿದ್ದಲ್ಲಿ ಮಾರ್ಗದ ವೋಲ್ಟೇಜನ್ನು ನೋಡುತ್ತಿರುವ ಕಡಿಮೆ ವೋಲ್ಟೇಜ್ ರಿಲೇಯನ್ನು ಅಳವಡಿಸಿ, ಯಂತ್ರ ತಯಾರಕರು ಸೂಚಿಸಿದ ಅಲ್ಪ ಅವಧಿಯನ್ನು ಮೀರಿ ವಿದ್ಯುತ್ ಇಲ್ಲದಿದ್ದರೆ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುವಂತೆ ಏರ್ಪಡಿಸತಕ್ಕದ್ದು. ತುರ್ತು ನಿಲುಗಡೆ ಗುಂಡಿಯನ್ನು ಒತ್ತಿದಾಗ ಯು.ಪಿ.ಎಸ್. ಚಾಲೂ ಇದ್ದರೂ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳಲೇಬೇಕು. ಇದನ್ನು ಮಾರ್ಗದ ವಿದ್ಯುತ್ತನ್ನು ನಿಜವಾಗಿ ತೆಗೆದು, ಮರಳಿ ಕೊಟ್ಟು ಪರೀಕ್ಷಿಸಬೇಕು. ಕಾಗದದ ಮೇಲಿನ ದೃಢೀಕರಣ ಸಾಲದು.

ಬ್ಯಾಟರಿ

ತಲಾ 12 ವೋಲ್ಟಿನ 20 ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 240 ವೋಲ್ಟ್ ಏಕಮುಖ ವಿದ್ಯುತ್ ಸಿದ್ಧವಾಗಿ ನಿಂತಿರುತ್ತದೆ. ಯಾವ ಸ್ವಿಚ್ಚನ್ನು ತೆಗೆದರೂ ಬ್ಯಾಟರಿಯ ತುದಿಗಳಲ್ಲಿ ಅದು ಇದ್ದೇ ಇರುತ್ತದೆ. ಸೀಸ-ಆಮ್ಲ ಬ್ಯಾಟರಿಯಿಂದ ಜಲಜನಕ ಹೊರಬರುವ ಸಾಧ್ಯತೆಯಿರುವುದರಿಂದ, ಮತ್ತು ಗಾಳಿಯಲ್ಲಿ ಅದು ಶೇ. 4ನ್ನು ತಲುಪಿದರೆ ಕಿಡಿಯಿಂದ ಹೊತ್ತಿಕೊಳ್ಳಬಲ್ಲುದಾದ್ದರಿಂದ, ಬ್ಯಾಟರಿ ಕೊಠಡಿಗೆ ಗಾಳಿಯ ಸಂಚಾರ ಇರತಕ್ಕದ್ದು.

ಮುಚ್ಚಿದ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯವನ್ನು ತಯಾರಕರು ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅನ್ವಯಿಸಿ ಹೇಳುತ್ತಾರೆ. ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಾದಲ್ಲೆಲ್ಲ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಬ್ಯಾಟರಿಯ ಗತಿಯನ್ನು ಓದುಗರೇ ಊಹಿಸಬಹುದು. ದರಪಟ್ಟಿಗಳನ್ನು ಹೋಲಿಸುವಾಗ ಖರೀದಿ ಬೆಲೆಯೊಂದನ್ನೇ ನೋಡದೆ, ಯು.ಪಿ.ಎಸ್. ಬಾಳುವ ಅವಧಿಯಲ್ಲಿ ಎಷ್ಟು ಬಾರಿ ಬ್ಯಾಟರಿ ಬದಲಿಸಬೇಕಾಗುವುದೆಂಬುದನ್ನು ಸೇರಿಸಿ ಲೆಕ್ಕ ಹಾಕಿದರೆ, ಕಡಿಮೆ ದರದ ದರಪಟ್ಟಿಯೇ ಹಲವು ಬಾರಿ ದುಬಾರಿಯಾಗಿ ಕಾಣುತ್ತದೆ. ತಾನಾಗಿ ಚಾಲೂ ಆಗುವ ಜನರೇಟರ್ ಇರುವಲ್ಲಿ ಹತ್ತು ನಿಮಿಷಗಳ ಬ್ಯಾಟರಿ ಸಾಮಾನ್ಯವಾಗಿ ಸಾಕು. ಎರಡು ಗಂಟೆಗಳ ಬ್ಯಾಟರಿಗೆ ಹಣ ಹೂಡುವ ಅಗತ್ಯವಿಲ್ಲ. ಬಳಸಿ ಮುಗಿದ ಬ್ಯಾಟರಿಗಳನ್ನು ಗುಜರಿಗೆ ಹಾಕದೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಅನುಸಾರ ಹಿಂದಿರುಗಿಸತಕ್ಕದ್ದು.

ನಕ್ಷೆ ಮತ್ತು ಅಳವಡಿಕೆ

ಅಳವಡಿಕೆಯ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಏಕರೇಖಾ ನಕ್ಷೆಯಲ್ಲಿ ಯು.ಪಿ.ಎಸ್., ಅದರ ಬೈಪಾಸ್, ಬ್ಯಾಟರಿಯ ಪ್ರತ್ಯೇಕ ಸ್ವಿಚ್, ಜನರೇಟರ್ ಹಾಗೂ ಭೂಸಂಪರ್ಕವನ್ನು ತೋರಿಸಬೇಕು. ಯು.ಪಿ.ಎಸ್. ಅಥವಾ ಜನರೇಟರಿನ ವಿದ್ಯುತ್ ಯಾವ ಸಂದರ್ಭದಲ್ಲಿಯೂ ಸರಬರಾಜು ಮಾರ್ಗಕ್ಕೆ ಹಿಂದಿರುಗಿ ಹರಿಯಬಾರದು. ಮಾರ್ಗವನ್ನು ಬಂದ್ ಮಾಡಿಕೊಂಡು ಕಂಬ ಹತ್ತಿರುವ ಮಾರ್ಗದಾಳು ನಿಮ್ಮ ಕಾರ್ಖಾನೆಯೊಳಗಿನ ಸ್ವಿಚ್ಚನ್ನು ನೋಡಲಾರ, ಪರಿವರ್ತಕವು ಹಿಮ್ಮುಖವಾಗಿಯೂ ಕೆಲಸ ಮಾಡಿ ನಿಮ್ಮ ಕಡಿಮೆ ವೋಲ್ಟೇಜನ್ನು ಮಾರ್ಗದಲ್ಲಿ ಹೆಚ್ಚಿನ ವೋಲ್ಟೇಜಾಗಿ ಮಾಡುತ್ತದೆ. ಯು.ಪಿ.ಎಸ್.ನಿಂದ ವಿದ್ಯುತ್ ಪಡೆಯುವ ಪ್ರತಿ ಫಲಕದ ಮೇಲೆ, ಮುಖ್ಯ ಸ್ವಿಚ್ ತೆಗೆದರೂ ಒಳಗೆ ವಿದ್ಯುತ್ ಇರುವುದೆಂಬ ಎಚ್ಚರಿಕೆಯನ್ನು ಅಲ್ಲಿ ಕೆಲಸ ಮಾಡುವವರು ಓದಬಲ್ಲ ಭಾಷೆಯಲ್ಲಿ ಬರೆಸತಕ್ಕದ್ದು. ಬೇರೆ ರಾಜ್ಯಗಳ ಕಾರ್ಮಿಕರಿದ್ದಲ್ಲಿ ಕನ್ನಡದ ಜೊತೆಗೆ ಅವರ ಭಾಷೆಯಲ್ಲಿಯೂ ಇರಲಿ.

ವೋಲ್ಟೇಜ್ ಕುಸಿತ ಪದೇ ಪದೇ ಉಂಟಾಗುತ್ತಿದ್ದಲ್ಲಿ ದಿನಾಂಕ, ವೇಳೆ ಮತ್ತು ನಿಂತ ಯಂತ್ರದ ವಿವರವನ್ನು ಪುಸ್ತಕವೊಂದರಲ್ಲಿ ಬರೆದಿಟ್ಟು, ಆರ್.ಆರ್. ಸಂಖ್ಯೆಯೊಂದಿಗೆ ನಿಮ್ಮ ವ್ಯಾಪ್ತಿಯ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗಕ್ಕೆ ಲಿಖಿತ ದೂರು ಸಲ್ಲಿಸಬಹುದು. ಸಹಾಯವಾಣಿ 1912ರಲ್ಲಿಯೂ ದೂರು ದಾಖಲಿಸಬಹುದು. ಅಲ್ಲಿ ಪರಿಹಾರ ದೊರೆಯದಿದ್ದರೆ ವಿದ್ಯುಚ್ಛಕ್ತಿ ಅಧಿನಿಯಮ, 2003ರ ಪ್ರಕರಣ 42ರಡಿ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯ ಮುಂದೆ ಹೋಗಬಹುದು. ಬರೆದಿಟ್ಟ ಪುಸ್ತಕವು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.