ದೂರಸಂಪರ್ಕ ನಿಯಂತ್ರಣ ಸುಧಾರಣೆ (ಭಾರತ)

1885ರ ಟೆಲಿಗ್ರಾಫ್ ಕಾಯ್ದೆಯಡಿ ಸರ್ಕಾರದ ಏಕಸ್ವಾಮ್ಯವಾಗಿದ್ದ ದೂರವಾಣಿ ಸೇವೆಯನ್ನು ಪೈಪೋಟಿಗೆ ತೆರೆದು, ಅದಕ್ಕೆ ತಕ್ಕ ನಿಯಮಗಳನ್ನು ರೂಪಿಸಿದ ಪ್ರಕ್ರಿಯೆ. 1994ರ ರಾಷ್ಟ್ರೀಯ ನೀತಿ ಖಾಸಗಿ ಕಂಪನಿಗಳನ್ನು ಬರಮಾಡಿಕೊಂಡಿತಾದರೂ ಆಟಗಾರನೂ ತೀರ್ಪುಗಾರನೂ ದೂರಸಂಪರ್ಕ ಇಲಾಖೆಯೇ ಆಗಿತ್ತು. 1997ರಲ್ಲಿ ನಿಯಂತ್ರಣ ಪ್ರಾಧಿಕಾರವಾಗಿ ಟ್ರಾಯ್ ಬಂತು. 2000ದ ತಿದ್ದುಪಡಿಯು ವ್ಯಾಜ್ಯ ತೀರ್ಮಾನವನ್ನು ಟಿಡಿಸ್ಯಾಟ್ ನ್ಯಾಯಮಂಡಳಿಗೆ ವಹಿಸಿತು. ಅದೇ ವರ್ಷ ಇಲಾಖೆಯ ಸೇವಾ ವಿಭಾಗ ಬಿಎಸ್‌ಎನ್‌ಎಲ್ ಆಯಿತು.

ನಿಜವಾದ ತಿರುವು 1999ರ ನೀತಿ. ಹರಾಜಿನಲ್ಲಿ ಮಿತಿಮೀರಿ ಕೂಗಿ ಶುಲ್ಕ ಕಟ್ಟಲಾಗದೆ ಕುಳಿತಿದ್ದ ಕಂಪನಿಗಳಿಗೆ ನಿಗದಿತ ಲೈಸೆನ್ಸ್ ಶುಲ್ಕದ ಬದಲು ಆದಾಯದಲ್ಲಿ ಪಾಲು ಕೊಡುವ ಅವಕಾಶ ಸಿಕ್ಕಿತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲಂತೂ ಮೊಬೈಲ್ ಜನಸಾಮಾನ್ಯರ ಕೈಗೆ ಬಂತು. ಆದರೆ ಯಾವುದು 'ಆದಾಯ' ಎಂಬ ವಿವಾದಕ್ಕೆ ಕಂಪನಿಗಳು ದುಬಾರಿ ಬೆಲೆ ತೆರಬೇಕಾಯಿತು: ದೂರಸಂಪರ್ಕೇತರ ಗಳಿಕೆಯೂ ಲೆಕ್ಕಕ್ಕೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದಾಗ ಹಳೆಯ ಬಾಕಿ, ಬಡ್ಡಿ, ದಂಡಗಳೆಲ್ಲ ಒಟ್ಟಿಗೆ ಎರಗಿದವು. 2021ರಲ್ಲಿ ಕೇಂದ್ರ ಸಂಪುಟ ಆ ಗಳಿಕೆಯನ್ನು ಕೈಬಿಟ್ಟಿತು, ಮುಂದಿನ ಲೆಕ್ಕಕ್ಕೆ ಮಾತ್ರ.

ತರಂಗಾಂತರ ಹಂಚಿಕೆಯ ಪಾಠವೂ ಕಹಿಯೇ. ಹರಾಜಿಲ್ಲದೆ ತರಂಗಾಂತರದೊಂದಿಗೆ ಕೊಟ್ಟಿದ್ದ 122 ಲೈಸೆನ್ಸ್‌ಗಳು 2012ರಲ್ಲಿ ಸುಪ್ರೀಂ ಕೋರ್ಟ್‌ನಿಂದ ರದ್ದಾದವು. ಅಂತರ್ಜಾಲ ಆರ್ಥಿಕತೆಗೆ ಹೆಚ್ಚು ಬಲ ಕೊಟ್ಟದ್ದು, ಜಾಲತಾಣಕ್ಕೊಂದು ಡೇಟಾ ದರ ವಿಧಿಸುವುದನ್ನು ಟ್ರಾಯ್ 2016ರಲ್ಲಿ ನಿಷೇಧಿಸಿದ ಕ್ರಮ. ಆಯ್ದ ತಾಣಗಳನ್ನಷ್ಟೇ ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್' ಅದರಿಂದ ನಿಂತಿತು. 2023ರ ದೂರಸಂಪರ್ಕ ಕಾಯ್ದೆ ಲೈಸೆನ್ಸ್ ಬದಲು 'ಅಧಿಕಾರಪತ್ರ' ಪದ್ಧತಿ ತಂದು, ಕೇಬಲ್ ಹಾಯಿಸುವ ಹಕ್ಕನ್ನು ಸ್ಪಷ್ಟಪಡಿಸಿ, ಉಪಗ್ರಹ ಸೇವೆಯ ತರಂಗಾಂತರವನ್ನು ಹರಾಜಿನಿಂದ ಹೊರಗಿಟ್ಟಿದೆ.