ಇಂಗ್ಲೆಂಡಿನ ಚರ್ಚ್ ಶಾಲೆಗಳಲ್ಲಿ ಸಾಮೂಹಿಕ ಆರಾಧನೆ

ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಿಂದ ನಡೆಯುವ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿವೆ. ಎಷ್ಟೋ ಹಳ್ಳಿಗಳಲ್ಲಿ ಊರಿಗಿರುವ ಒಂದೇ ಶಾಲೆ ಚರ್ಚ್ ಶಾಲೆ. ಹಾಗಾಗಿ ಕ್ರೈಸ್ತರು, ಮುಸ್ಲಿಮರು, ಹಿಂದೂಗಳು, ಸಿಖ್ಖರು, ಯಾವ ಧರ್ಮವನ್ನೂ ನಂಬದವರು, ಹೀಗೆ ಎಲ್ಲರ ಮಕ್ಕಳೂ ಅಲ್ಲಿ ಓದುತ್ತಾರೆ. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಕ್ಕೂ ಮನೆ ಹತ್ತಿರದ ಶಾಲೆ ಇಂಥದ್ದೇ ಆಗಿರಬಹುದು. ಈ ಶಾಲೆಗಳಲ್ಲಿ ದಿನಕ್ಕೊಮ್ಮೆ ಸಾಮೂಹಿಕ ಆರಾಧನೆ ನಡೆಯುತ್ತದೆ.

ಚರ್ಚ್ ಶಾಲೆಗಳ ಹುಟ್ಟು

1811ರಲ್ಲಿ ಜೋಶುವಾ ವಾಟ್ಸನ್ ಮತ್ತವರ ಸಂಗಡಿಗರು ಬಡ ಮಕ್ಕಳಿಗೆ ಅಕ್ಷರವನ್ನೂ ಚರ್ಚ್ ಆಫ್ ಇಂಗ್ಲೆಂಡಿನ (ಆಂಗ್ಲಿಕನ್) ನಂಬಿಕೆಯನ್ನೂ ಕಲಿಸಲು ನ್ಯಾಷನಲ್ ಸೊಸೈಟಿಯನ್ನು ಕಟ್ಟಿದರು. 1870ರ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ ಸರ್ಕಾರದ ಕಡೆಯಿಂದಲೂ ಶಾಲೆಗಳು ಏಳತೊಡಗಿದವು. ಅಷ್ಟರಲ್ಲಾಗಲೇ ಚರ್ಚಿನ ಸಾವಿರಾರು ಶಾಲೆಗಳಿದ್ದವು.

ಇವೆರಡನ್ನೂ ಒಂದೇ ವ್ಯವಸ್ಥೆಯೊಳಗೆ ಹೊಂದಿಸಿದ್ದು ಶಿಕ್ಷಣ ಸಚಿವ ಆರ್.ಎ. ಬಟ್ಲರ್ ತಂದ 1944ರ ಶಿಕ್ಷಣ ಕಾಯಿದೆ. ಅದು ಚರ್ಚ್ ಶಾಲೆಗಳಿಗೆ ಮುಖ್ಯವಾಗಿ ಎರಡು ದಾರಿ ತೋರಿಸಿತು. ‘ವಾಲಂಟರಿ ಏಡೆಡ್’ ಶಾಲೆಯ ಆಡಳಿತ ಮಂಡಳಿಯಲ್ಲಿ ಚರ್ಚಿನವರದೇ ಬಹುಮತ, ಕಟ್ಟಡದ ಖರ್ಚಿನಲ್ಲೂ ಚರ್ಚಿಗೆ ಪಾಲು. ‘ವಾಲಂಟರಿ ಕಂಟ್ರೋಲ್ಡ್’ ಶಾಲೆಯಲ್ಲಿ ಚರ್ಚಿನ ಹಿಡಿತ ಕಡಿಮೆ, ಮಕ್ಕಳ ಪ್ರವೇಶ ಸಾಮಾನ್ಯವಾಗಿ ಸ್ಥಳೀಯ ಆಡಳಿತದ ಕೈಯಲ್ಲಿ. ಈಚೆಗೆ ಇಂಥ ಅನೇಕ ಶಾಲೆಗಳು ಸ್ಥಳೀಯ ಆಡಳಿತದ ಬದಲು ನೇರವಾಗಿ ಕೇಂದ್ರ ಸರ್ಕಾರದಿಂದ ಹಣ ಪಡೆಯುವ ‘ಅಕಾಡೆಮಿ’ಗಳಾಗಿ ಬದಲಾಗಿವೆ.

ಕಾನೂನು ಹೇಳುವುದೇನು

ದಿನದ ಆರಾಧನೆ ಬಹಳ ಹಿಂದಿನಿಂದಲೂ ರೂಢಿಯಲ್ಲಿತ್ತು. ಅದನ್ನು ಕಡ್ಡಾಯ ಮಾಡಿದ್ದು 1944ರ ಕಾಯಿದೆ. ಶಾಲೆಯ ದಿನ ಆರಾಧನೆಯಿಂದಲೇ ಶುರುವಾಗಬೇಕೆಂದು ಅದು ವಿಧಿಸಿತ್ತು. 1988ರ ಶಿಕ್ಷಣ ಸುಧಾರಣಾ ಕಾಯಿದೆ ಅದನ್ನು ಸಡಿಲಿಸಿತು: ದಿನದ ಯಾವ ಹೊತ್ತಿನಲ್ಲಾದರೂ ಸರಿ, ಎಲ್ಲರೂ ಒಟ್ಟಿಗೆ ಸೇರಬಹುದು, ಇಲ್ಲವೇ ತರಗತಿವಾರು ನಡೆಸಬಹುದು.

ಈಗ ಅನ್ವಯವಾಗುವುದು 1998ರ ಕಾಯಿದೆ. ಚರ್ಚಿಗೆ ಸೇರದ ಸರ್ಕಾರಿ ಶಾಲೆಗಳಲ್ಲೂ ಆರಾಧನೆಯ ಸ್ವರೂಪ ಬಹುಮಟ್ಟಿಗೆ ಕ್ರೈಸ್ತವಾಗಿರಬೇಕು, ಆದರೆ ಯಾವುದೇ ಒಂದು ಪಂಗಡದ್ದಾಗಿರಬಾರದು. ಚರ್ಚ್ ಶಾಲೆಯಲ್ಲಿ ಅದು ಶಾಲೆಯ ಟ್ರಸ್ಟ್ ಪತ್ರಕ್ಕೆ ತಕ್ಕಂತೆ ಆಂಗ್ಲಿಕನ್ ಸಂಪ್ರದಾಯದಲ್ಲಿ ನಡೆಯುತ್ತದೆ. ಮಗುವನ್ನು ಆರಾಧನೆಯಿಂದ ಪೂರ್ತಿಯಾಗಿ ಅಥವಾ ಭಾಗಶಃ ಹೊರಗಿಡುವ ಹಕ್ಕು ಎರಡೂ ಬಗೆಯ ಶಾಲೆಗಳಲ್ಲಿ ತಂದೆತಾಯಿಗೆ ಉಂಟು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ.

ಆರಾಧನೆ ನಡೆಯುವ ಬಗೆ

ಮಕ್ಕಳು ಸಂಗೀತ ಕೇಳುತ್ತ ಸಾಲಾಗಿ ಸಭಾಂಗಣಕ್ಕೆ ಬಂದು ನೆಲದ ಮೇಲೆ ಕೂರುತ್ತಾರೆ. ಮುಂದೆ ಒಂದು ಪುಟ್ಟ ಮೇಜು. ಅದರ ಮೇಲೆ ಶಿಲುಬೆ, ಬೈಬಲ್, ಮೇಣದಬತ್ತಿ. ಹಲವು ಶಾಲೆಗಳಲ್ಲಿ ತ್ರಿಯೇಕ ದೇವರ ನೆನಪಿಗೆ ಮೂರು ಬತ್ತಿ ಹಚ್ಚುತ್ತಾರೆ. ಮೇಜಿನ ಬಟ್ಟೆಯ ಬಣ್ಣ ಚರ್ಚಿನ ಪಂಚಾಂಗದಂತೆ ಬದಲಾಗುತ್ತದೆ: ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರಿಗೆ ಮುಂಚಿನ ಲೆಂಟ್ ಕಾಲಕ್ಕೂ ನೇರಳೆ, ಆ ಎರಡು ಹಬ್ಬಗಳಿಗೆ ಬಿಳಿ ಅಥವಾ ಹೊನ್ನಿನ ಬಣ್ಣ, ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬಕ್ಕೆ ಕೆಂಪು, ಉಳಿದ ದಿನಗಳಿಗೆ ಹಸಿರು.

ಆಮೇಲೆ ಒಂದು ಕಥೆ, ಒಂದು ಹಾಡು, ಸ್ವಲ್ಪ ಹೊತ್ತು ಮೌನ, ಕೊನೆಗೆ ಪ್ರಾರ್ಥನೆ. ಎಲ್ಲ ಸೇರಿ ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷ. ಕ್ಷಮೆ, ಧೈರ್ಯ, ಕೃತಜ್ಞತೆಯಂಥ ಒಂದು ವಿಷಯವನ್ನು ಕೆಲವು ವಾರಗಳ ಕಾಲ ಎತ್ತಿಕೊಳ್ಳುತ್ತಾರೆ. ಒಂದು ದಿನ ಮುಖ್ಯೋಪಾಧ್ಯಾಯರು ನಡೆಸಿದರೆ, ಇನ್ನೊಂದು ದಿನ ಊರಿನ ಚರ್ಚಿನ ಪಾದ್ರಿ, ಮತ್ತೊಂದು ದಿನ ಮಕ್ಕಳೇ. ಬೈಬಲ್ ಸೊಸೈಟಿಯ ‘ಓಪನ್ ದ ಬುಕ್’ ಯೋಜನೆಯ ಸ್ವಯಂಸೇವಕರು ಬಂದು ಬೈಬಲ್ ಕಥೆಗಳನ್ನು ವೇಷ ಹಾಕಿ ಆಡಿ ತೋರಿಸುವುದೂ ಉಂಟು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪ್ರಾರ್ಥನೆಯ ಗಳಿಗೆ. ನುರಿತ ಶಿಕ್ಷಕರು ಮೊದಲೇ ಹೇಳಿಬಿಡುತ್ತಾರೆ: ನಾನೀಗ ಪ್ರಾರ್ಥಿಸುತ್ತೇನೆ, ಇದು ನಿಮ್ಮ ಪ್ರಾರ್ಥನೆಯೂ ಆಗಲಿ ಅನಿಸಿದವರು ಕೊನೆಗೆ ‘ಆಮೆನ್’ ಅನ್ನಿ, ಉಳಿದವರು ಸುಮ್ಮನೆ ಕೂತು ಯೋಚಿಸಿ. ಆಮೆನ್ ಅನ್ನದ ಮಗುವಿಗೂ ಅಲ್ಲಿ ಅಷ್ಟೇ ಮರ್ಯಾದೆಯ ಜಾಗ ಇರಬೇಕು.

ಕ್ರಿಸ್ಟಿಂಗಲ್: ಕೈಯಲ್ಲಿ ಹಿಡಿಯುವ ಪಾಠ

ಮಕ್ಕಳಿಗೆ ಬಲು ಇಷ್ಟವಾದ ಆಚರಣೆ ಕ್ರಿಸ್ಟಿಂಗಲ್. ಒಂದು ಕಿತ್ತಳೆ ಹಣ್ಣಿಗೆ ಕೆಂಪು ರಿಬ್ಬನ್ ಸುತ್ತಿ, ಮೇಲೆ ಮೇಣದಬತ್ತಿ ನಿಲ್ಲಿಸಿ, ಒಣದ್ರಾಕ್ಷಿಯನ್ನೋ ಮಿಠಾಯಿಯನ್ನೋ ಪೋಣಿಸಿದ ನಾಲ್ಕು ಕಡ್ಡಿ ಚುಚ್ಚುತ್ತಾರೆ. ಹಣ್ಣು ಎಂದರೆ ಜಗತ್ತು, ರಿಬ್ಬನ್ ಎಂದರೆ ಕ್ರಿಸ್ತನ ರಕ್ತ ಮತ್ತು ಪ್ರೀತಿ, ಕಡ್ಡಿಗಳು ನಾಲ್ಕು ಋತು, ದ್ರಾಕ್ಷಿ ಭೂಮಿಯ ಫಲ, ಬತ್ತಿ ಲೋಕಕ್ಕೆ ಬೆಳಕಾದ ಯೇಸು. 1747ರಲ್ಲಿ ಜರ್ಮನಿಯ ಮೊರೇವಿಯನ್ ಸಭೆಯಲ್ಲಿ ಹುಟ್ಟಿದ ಈ ಪದ್ಧತಿಯನ್ನು 1968ರಲ್ಲಿ ಚಿಲ್ಡ್ರನ್ಸ್ ಸೊಸೈಟಿ ಎಂಬ ಸೇವಾಸಂಸ್ಥೆಯ ಜಾನ್ ಪೆನ್ಸಮ್ ಇಂಗ್ಲೆಂಡಿನ ಚರ್ಚಿಗೆ ತಂದರು. ಈ ಆಚರಣೆಯಲ್ಲಿ ಸಂಗ್ರಹವಾಗುವ ಕಾಣಿಕೆ ಕಷ್ಟದಲ್ಲಿರುವ ಮಕ್ಕಳ ನೆರವಿಗೆ ಹೋಗುತ್ತದೆ. ದೇವತಾಶಾಸ್ತ್ರದ ಗಹನ ಮಾತನ್ನು ಐದು ವರ್ಷದ ಮಗು ತನ್ನ ಬೆರಳಿನಿಂದ ಮುಟ್ಟಿ ತಿಳಿಯುವುದು ಹೀಗೆ.

ಆಧ್ಯಾತ್ಮಿಕತೆ ಆರಾಧನೆಗಿಂತ ದೊಡ್ಡದು

ಸಂಶೋಧಕರಾದ ಡೇವಿಡ್ ಹೇ ಮತ್ತು ರೆಬೆಕಾ ನೈ ಪ್ರಾಥಮಿಕ ಶಾಲೆಯ ಮಕ್ಕಳೊಂದಿಗೆ ಮಾತಾಡಿ 1998ರಲ್ಲಿ ‘ದ ಸ್ಪಿರಿಟ್ ಆಫ್ ದ ಚೈಲ್ಡ್’ ಪುಸ್ತಕ ಬರೆದರು. ಮಗುವಿನ ಆಧ್ಯಾತ್ಮಿಕತೆ ಕಾಣುವುದು ಸಂಬಂಧಗಳ ಅರಿವಿನಲ್ಲಿ ಎಂಬುದು ಅವರ ನಿಲುವು: ತನ್ನೊಂದಿಗೆ, ಇತರರೊಂದಿಗೆ, ಜಗತ್ತಿನೊಂದಿಗೆ, ದೇವರೊಂದಿಗೆ. ಧರ್ಮವಿಲ್ಲದ ಮನೆಯ ಮಗುವಿಗೂ ಈ ಅರಿವು ಉಂಟು.

ಹಲವು ಶಾಲೆಗಳು ಇದನ್ನು ಕಿಟಕಿ, ಕನ್ನಡಿ, ಬಾಗಿಲು ಎಂಬ ಮೂರು ಹೆಜ್ಜೆಗಳಲ್ಲಿ ಬೆಳೆಸುತ್ತವೆ. ಕಿಟಕಿಯಿಂದ ಜಗತ್ತನ್ನು ನೋಡಿ ಬೆರಗಾಗುವುದು ಅಥವಾ ನೋಯುವುದು, ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವುದು, ಬಾಗಿಲು ತೆರೆದು ಏನಾದರೂ ಮಾಡಲು ಹೊರಡುವುದು. ಕಂಬಳಿಹುಳು ಚಿಟ್ಟೆಯಾಗುವುದನ್ನು ಕಂಡಾಗಲೂ, ಅತಿ ದೊಡ್ಡ ಸಂಖ್ಯೆ ಯಾವುದೆಂದು ಗಣಿತದ ಪಾಠದಲ್ಲಿ ಕೇಳುವಾಗಲೂ ಮಗು ಆ ಕಿಟಕಿಯ ಬಳಿ ನಿಂತಿರುತ್ತದೆ. ತರಗತಿಯ ಮೂಲೆಯಲ್ಲಿ ಒಂದು ದಿಂಬು, ಕೆಲವು ಕಲ್ಲು, ಚೀಟಿ ಬರೆದು ಕಟ್ಟಲು ಒಂದು ಕೊಂಬೆ ಇಟ್ಟು, ಬೇಕೆನಿಸಿದಾಗ ಹೋಗಿ ಕೂರಲು ಬಿಡುವುದೂ ಈ ಕಲಿಕೆಯ ಭಾಗವೇ.

ಸರ್ಕಾರದ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಶಾಲೆಗಳಲ್ಲಿ ಮಕ್ಕಳ ಆಧ್ಯಾತ್ಮಿಕ ಬೆಳವಣಿಗೆಯನ್ನೂ ಗಮನಿಸುತ್ತದೆ. ಚರ್ಚ್ ಶಾಲೆಯ ಆರಾಧನೆಯನ್ನು ಪರಿಶೀಲಿಸುವುದು ‘ಸಿಯಾಮ್ಸ್’ ಎಂಬ ಬೇರೆ ತಪಾಸಣೆ. ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಶಾಲೆಗಳಿಗೆ ಅದು ಅನ್ವಯಿಸುತ್ತದೆ.

ಆಕ್ಷೇಪ ಮತ್ತು ಉತ್ತರ

ಸರ್ಕಾರದ ಹಣದಲ್ಲಿ ಕಡ್ಡಾಯ ಆರಾಧನೆ ಸರಿಯಲ್ಲವೆಂದು ಹ್ಯೂಮನಿಸ್ಟ್ಸ್ ಯುಕೆ ಎಂಬ ಮಾನವತಾವಾದಿ ಸಂಘಟನೆ ವಾದಿಸುತ್ತದೆ. ಈ ಕಡ್ಡಾಯವನ್ನು ಕೈಬಿಡುವಂತೆ 2016ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯೂ ಶಿಫಾರಸು ಮಾಡಿತು. ಗೆಳೆಯರೆಲ್ಲ ಸಭಾಂಗಣಕ್ಕೆ ಹೋದಾಗ ಒಂದೇ ಮಗು ಬೇರೆ ಕೋಣೆಯಲ್ಲಿ ಕೂರಬೇಕಾದ ನೋವನ್ನು ಯಾರೂ ತಳ್ಳಿಹಾಕುವಂತಿಲ್ಲ. ಆರಾಧನೆ ಎಲ್ಲರನ್ನೂ ಒಳಗೊಳ್ಳಬೇಕು, ಬಲವಂತ ಮಾಡದೆ ಆಹ್ವಾನಿಸಬೇಕು, ಸ್ಫೂರ್ತಿ ಕೊಡಬೇಕು ಎಂಬುದು ಚರ್ಚ್ ಆಫ್ ಇಂಗ್ಲೆಂಡ್ ತನ್ನ ಶಾಲೆಗಳಿಗೆ ಕೊಟ್ಟಿರುವ ಮಾರ್ಗದರ್ಶನ.

ಭಾರತದ ಸಂವಿಧಾನದ 28(3)ನೇ ವಿಧಿ ಶಾಲೆಯ ಆರಾಧನೆಯ ಪ್ರಶ್ನೆಯನ್ನು ಬೇರೆ ತುದಿಯಿಂದ ನೋಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆ ಅಪ್ರಾಪ್ತ ವಯಸ್ಸಿನ ಮಗುವನ್ನು ಧಾರ್ಮಿಕ ಆರಾಧನೆಯಲ್ಲಿ ಸೇರಿಸಿಕೊಳ್ಳಬೇಕಾದರೆ ಪೋಷಕರ ಒಪ್ಪಿಗೆ ಬೇಕು. ನಮ್ಮಲ್ಲಿ ಒಪ್ಪಿದ ಮೇಲೆ ಸೇರಬೇಕು; ಅಲ್ಲಿ ಬೇಡವೆಂದ ಮೇಲಷ್ಟೇ ಹೊರಗುಳಿಯಬಹುದು. ಹಾಗಾಗಿ ಹೊರಗುಳಿಯುವ ಹಕ್ಕನ್ನು ಪ್ರವೇಶದ ದಿನವೇ ಪೋಷಕರಿಗೆ ತಿಳಿಸಿ, ಹೊರಗುಳಿದ ಮಗುವಿಗೆ ಆ ಹೊತ್ತಿಗೆ ಅಷ್ಟೇ ಅರ್ಥಪೂರ್ಣವಾದ ಕೆಲಸವೊಂದನ್ನು ಒದಗಿಸುವುದು ಶಾಲೆಯ ಕರ್ತವ್ಯ. ತನ್ನ ನಂಬಿಕೆಯನ್ನು ಮುಚ್ಚಿಡದೆ, ಯಾರ ಮೇಲೂ ಹೇರದೆ ಮಕ್ಕಳ ಮುಂದಿಡುವ ಚರ್ಚ್ ಶಾಲೆ ಎಲ್ಲ ಮನೆಗಳ ವಿಶ್ವಾಸಕ್ಕೂ ಅರ್ಹವಾಗುತ್ತದೆ.