ಕೀಲುಗೊಂಬೆಗಳ ಛಾಯಾಚಿತ್ರ ತಿದ್ದುವಿಕೆ

ಕೈಕಾಲು, ಕತ್ತು, ಸೊಂಟಗಳನ್ನು ಕೀಲುಗಳಿಂದ ಜೋಡಿಸಿದ, ಬೇಕಾದ ಭಂಗಿಗೆ ತಿರುಗಿಸಬಹುದಾದ ಸಂಗ್ರಹದ ಗೊಂಬೆಗಳ ಫೋಟೋಗಳನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತಿದ್ದುವ ಕೆಲಸ. ಧೂಳು ಅಳಿಸುವುದು, ಬಣ್ಣ ಸರಿಪಡಿಸುವುದು, ಗೊಂಬೆಯನ್ನು ಎತ್ತಿ ಹಿಡಿದ ಸ್ಟ್ಯಾಂಡನ್ನು ಮಾಯಮಾಡುವುದು, ಹಿನ್ನೆಲೆ ಬದಲಿಸುವುದು, ಕೀಲಿನ ಗೆರೆ ಮುಚ್ಚುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಕನ್ನಡದಲ್ಲಿ ಮನುಷ್ಯನ ಮೊಣಕೈಗೂ ಗೊಂಬೆಯ ಮೊಣಕೈಗೂ ಕೀಲು ಎಂಬ ಒಂದೇ ಮಾತಿದೆ. ಫೋಟೋ ತಿದ್ದುವವರ ಗೊಂದಲವೂ ಅಲ್ಲಿಂದಲೇ ಶುರುವಾಗುತ್ತದೆ: ಮನುಷ್ಯನ ಕೀಲು ಚರ್ಮದ ಒಳಗಿದೆ, ಗೊಂಬೆಯದು ಹೊರಗೇ ಕಾಣುತ್ತದೆ. ಕ್ಯಾಮೆರಾ ಮತ್ತು ಬೆಳಕು ತಂದಿಟ್ಟ ದೋಷವನ್ನು ತಿದ್ದಲು ಯಾರ ಅಪ್ಪಣೆಯೂ ಬೇಡ. ಗೊಂಬೆ ಮಾಡಿದವರ ಕೈಯಾಗಲಿ, ಕಳೆದ ವರ್ಷಗಳಾಗಲಿ ಅದರ ಮೇಲೆ ಬಿಟ್ಟ ಗುರುತನ್ನು ಮಾತ್ರ ಹೇಳದೆ ಅಳಿಸುವಂತಿಲ್ಲ ಎಂಬುದು ಈ ಲೇಖನದ ನಿಲುವು.

ಗೊಂಬೆಯ ಚಿತ್ರವನ್ನು ತಿದ್ದುವ ಆಸೆ ಕಂಪ್ಯೂಟರಿಗಿಂತ ಹಳೆಯದು. ಜರ್ಮನ್ ಕಲಾವಿದ ಹಾನ್ಸ್ ಬೆಲ್ಮರ್ ಬರ್ಲಿನ್ನಿನ ಮ್ಯೂಸಿಯಮ್ಮಿನಲ್ಲಿದ್ದ 16ನೆಯ ಶತಮಾನದ ಮರದ ಕೀಲುಗೊಂಬೆಗಳಿಂದ ಪ್ರೇರಣೆ ಪಡೆದು 1930ರ ದಶಕದ ನಡುವೆ ಗುಂಡುಕೀಲಿನ ಗೊಂಬೆಯೊಂದನ್ನು ಕಟ್ಟಿದ. ಅದರ ಕಪ್ಪುಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಚ್ಚಿ 1949ರಲ್ಲಿ ಪುಸ್ತಕವಾಗಿ ಹೊರತಂದ. ಇಂದು ಸಂಗ್ರಾಹಕರು ಬಿಜೆಡಿ (ಬಾಲ್ ಜಾಯಿಂಟೆಡ್ ಡಾಲ್, ಅಂದರೆ ಗುಂಡುಕೀಲಿನ ಗೊಂಬೆ) ಎಂದು ಕರೆಯುವ ಗೊಂಬೆಗಳ ಕಾಲ ಶುರುವಾದದ್ದು ಜಪಾನಿನ ಕ್ಯೋಟೋದ ವೋಕ್ಸ್ ಕಂಪನಿ 1999ರಲ್ಲಿ ಸೂಪರ್ ಡಾಲ್ಫಿಯನ್ನು ತಂದಾಗ. ಸುಮಾರು 60 ಸೆಂಟಿಮೀಟರ್ ಎತ್ತರ, ಪಾಲಿಯುರೆಥೇನ್ ರೆಸಿನ್ನಿನ ಮೈ, ಒಳಗೆ ಬಿಗಿಯಾಗಿ ಎಳೆದು ಕಟ್ಟಿದ ಎಲಾಸ್ಟಿಕ್. ಅಷ್ಟರಲ್ಲಿ ತಿದ್ದುವ ಸಲಕರಣೆಯೂ ಸಿದ್ಧವಾಗಿತ್ತು. 1990ರಲ್ಲಿ ಬಂದ ಫೋಟೋಶಾಪಿಗೆ 2002ರಲ್ಲಿ ಕಲೆ ಅಳಿಸುವ ಹೀಲಿಂಗ್ ಬ್ರಷ್ ಸೇರಿತು, 2010ರಲ್ಲಿ ಖಾಲಿ ಜಾಗವನ್ನು ತಾನೇ ತುಂಬುವ ಸೌಲಭ್ಯ, 2023ರಲ್ಲಿ ಹೇಳಿದ್ದನ್ನು ಹೊಸದಾಗಿ ಬಿಡಿಸಿಕೊಡುವ ಸೌಲಭ್ಯ. ಮೊದಲು ಒಂದು ಕೀಲನ್ನು ಅಳಿಸಲು ಒಂದು ಸಂಜೆ ಬೇಕಿತ್ತು. ಶ್ರಮ ಇದ್ದಾಗ ಅಳಿಸಬೇಕೇ ಬೇಡವೇ ಎಂದು ಯೋಚಿಸಲು ಬಿಡುವೂ ಇತ್ತು; ಈಗ ಬೆರಳಿನ ಒಂದು ಒತ್ತು ಸಾಕು.

ನಮ್ಮ ನಾಡಿನಲ್ಲಿ ಕೀಲುಗೊಂಬೆಗಳ ದೊಡ್ಡ ಸಂಪತ್ತು ಇರುವುದು ಆಟ ಆಡಿಸುವ ಮೇಳಗಳ ಪೆಟ್ಟಿಗೆಗಳಲ್ಲಿ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದ ಯಕ್ಷಗಾನ ಸೂತ್ರದ ಗೊಂಬೆಗಳು, ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಗೊಂಬೆಗಳು, ಬಯಲುಸೀಮೆಯ ಸಿಳ್ಳೇಕ್ಯಾತ ಸಮುದಾಯದ ತೊಗಲುಗೊಂಬೆಗಳು ಇಲ್ಲಿ ಮುಖ್ಯ. ತೊಗಲುಗೊಂಬೆಗಳಲ್ಲಿ ಕೆಲವಕ್ಕೆ ಕೀಲೇ ಇಲ್ಲ, ಇಡೀ ದೃಶ್ಯ ಒಂದೇ ತೊಗಲಿನಲ್ಲಿರುತ್ತದೆ; ಉಳಿದವಕ್ಕೆ ಕೈಯೋ ತಲೆಯೋ ಆಡುತ್ತದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿರುವ ತೊಗಲುಗೊಂಬೆಗಳ ಸಂಗ್ರಹ ಎಂ.ಎಸ್. ನಂಜುಂಡರಾಯರು ಊರೂರು ತಿರುಗಿ ಕೂಡಿಸಿದ್ದು. ತೊಗಲುಗೊಂಬೆ ಆಡಿಸುವ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆದರೆ ಬೆಂಗಳೂರಿನ ಹೆಬ್ಬಾಳದ ಅಥವಾ ಆರ್.ಟಿ. ನಗರದ ಹುಡುಗನೊಬ್ಬ ಈ ಗೊಂಬೆಗಳನ್ನು ಮೊದಲು ನೋಡುವುದು ಊರ ಮುಂದಿನ ಪರದೆಯ ಮೇಲಲ್ಲ, ಫೋನಿನ ಪರದೆಯ ಮೇಲೆ. ಹಾಗಾದ ಮೇಲೆ ಫೋಟೋ ಎಷ್ಟು ನಿಜ ಹೇಳುತ್ತದೋ ಅವನಿಗೆ ಗೊಂಬೆಯ ಬಗ್ಗೆ ತಿಳಿಯುವುದೂ ಅಷ್ಟೇ.

ಒಂದು ಮೊಣಕೈಯನ್ನು ಪರದೆಯ ಮೇಲೆ ಎರಡು ಪಟ್ಟು ಹಿಗ್ಗಿಸಿ ನೋಡಿದರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ರೆಸಿನ್ ಗೊಂಬೆಯಲ್ಲಿ ಮೇಲ್ತೋಳಿನ ತುದಿ ಬಟ್ಟಲಿನಂತೆ ಕೊರೆದಿರುತ್ತದೆ, ಅದರಲ್ಲಿ ಗುಂಡೊಂದು ಕೂತಿರುತ್ತದೆ, ಎಲಾಸ್ಟಿಕ್ ಸರಿದಾಡಲು ಒಳಬದಿಯಲ್ಲಿ ಸೀಳಿರುತ್ತದೆ. ಬಟ್ಟಲಿನ ಅಂಚಿನಲ್ಲಿ ಸವೆತದಿಂದಾದ ತೆಳು ಹೊಳಪು, ಸೀಳಿನಲ್ಲಿ ಕೂತ ಧೂಳಿನ ಎಳೆ, ಅಚ್ಚಿನ ಎರಡು ಭಾಗ ಕೂಡಿದ ಕಡೆ ಕೂದಲಷ್ಟು ತೆಳುವಾದ ಏಣು. ಧೂಳಿನ ಎಳೆಯನ್ನು ಬ್ರಷ್‌ನಿಂದ ಒರೆಸಬಹುದಿತ್ತು, ಮರೆತದ್ದರಿಂದ ಫೋಟೋದಲ್ಲಿ ಉಳಿಯಿತು. ಅದನ್ನು ಅಳಿಸಿದರೆ ಗೊಂಬೆಗೆ ಏನೂ ಆಗದು. ಅಚ್ಚಿನ ಏಣು ಕಾರ್ಖಾನೆಯಿಂದ ಬಂದದ್ದು, ಸಂಗ್ರಾಹಕರು ಉಪ್ಪುಕಾಗದ ಹಿಡಿದು ಅದನ್ನು ತಿಕ್ಕಿ ತೆಗೆಯುವುದುಂಟು. ತೆಗೆದಿದ್ದಾರೋ ಇಲ್ಲವೋ ಎಂಬುದು ಆ ಗೊಂಬೆಯ ಚರಿತ್ರೆ. ಅಂಚಿನ ಹೊಳಪು ಅದನ್ನು ಎಷ್ಟು ಆಡಿಸಿದ್ದಾರೆಂದು ಹೇಳುತ್ತದೆ. ತೊಗಲುಗೊಂಬೆಯ ಮೊಣಕೈಯಲ್ಲಿ ಇವ್ಯಾವುವೂ ಇಲ್ಲ, ಎರಡು ತೊಗಲು ಒಂದರ ಮೇಲೊಂದು ಬಂದ ಕಡೆ ತೂತು ಮಾಡಿ ಹಾಕಿದ ದಾರದ ಗಂಟು ಇದೆ. ಆ ಜಾಗದಲ್ಲಿ ಬೆಳಕು ಎರಡು ಪದರ ಹಾಯಬೇಕಾದ್ದರಿಂದ ಬಣ್ಣ ಗಾಢವಾಗಿ ಕಾಣುತ್ತದೆ. ತಿಳಿಯದವರು ಅದನ್ನು ಕಲೆ ಎಂದುಕೊಂಡು ತಿಳಿಗೊಳಿಸುತ್ತಾರೆ. ತಿಳಿಗೊಳಿಸಿದ ಫೋಟೋದಲ್ಲಿ ಆ ಕೈ ಆಡುತ್ತದೆ ಎಂಬುದೇ ಗೊತ್ತಾಗುವುದಿಲ್ಲ.

ತೊಗಲುಗೊಂಬೆಯ ವಿಷಯದಲ್ಲಿ ಸಾಫ್ಟ್‌ವೇರು ಮಾಡುವ ಇನ್ನೊಂದು ಅನಾಹುತವಿದೆ. ಒಡವೆ, ಸೀರೆಯ ಅಂಚು, ಕಿರೀಟಗಳನ್ನೆಲ್ಲ ಉಳಿಯಿಂದ ಹೊಡೆದ ಸಣ್ಣ ತೂತುಗಳಿಂದಲೇ ತೋರಿಸಿರುತ್ತಾರೆ; ಹಿಂದಿನಿಂದ ಬೆಳಕು ಬಿದ್ದಾಗ ಆ ತೂತುಗಳೇ ಮುತ್ತು, ಹರಳು. ಹಿನ್ನೆಲೆ ತೆಗೆಯುವ ಗುಂಡಿ ಒತ್ತಿದರೆ ಯಂತ್ರ ಹೊರಗಿನ ಬಿಳಿಯನ್ನು ಕತ್ತರಿಸಿ ಹಾಕಿ, ತೂತುಗಳಲ್ಲಿ ಹಳೆಯ ಬಿಳಿಯನ್ನು ಹಾಗೇ ಬಿಡುತ್ತದೆ. ಕಪ್ಪು ಹಿನ್ನೆಲೆಗೆ ಅಂಟಿಸಿದಾಗ ಅವು ಬಿಳಿ ಬಣ್ಣದ ಚುಕ್ಕೆ ಇಟ್ಟಂತೆ ಕಾಣುತ್ತವೆ. ಚಿತ್ರವನ್ನು ಅತಿಯಾಗಿ ಮೊನಚುಗೊಳಿಸಿದರೆ ಪ್ರತಿ ತೂತಿನ ಅಂಚಿನಲ್ಲಿ ಇಲ್ಲದ ಬಳೆಯೊಂದು ಹುಟ್ಟಿ, ತೂತಿನ ನಿಜವಾದ ಅಳತೆ ತಿಳಿಯದಂತಾಗುತ್ತದೆ. ಉಳಿಯ ಮೊನೆ ಎಷ್ಟು ಸೂಕ್ಷ್ಮವಿತ್ತೆಂದು ಫೋಟೋ ನೋಡಿ ಅಳೆಯಬಯಸುವವರಿಗೆ ಇದು ಸುಳ್ಳು ಸಾಕ್ಷಿ.

ಬಣ್ಣದ ವಿಷಯದಲ್ಲಿ ತಿದ್ದುವಿಕೆಯ ಪರವಾಗಿಯೇ ಮಾತಾಡಬೇಕು. ಯಲಹಂಕ ನ್ಯೂ ಟೌನಿನ ಅಥವಾ ಯಶವಂತಪುರದ ಸಾಮಾನ್ಯ ಮನೆಯ ಹಾಲಿನಲ್ಲಿ ಸುಮಾರು 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಟ್ಯೂಬು ಇರುತ್ತದೆ, ದೇವರ ಗೂಡಿನಲ್ಲೋ ಷೋಕೇಸಿನಲ್ಲೋ 3000 ಕೆಲ್ವಿನ್ನಿನ ಹಳದಿ ಬಲ್ಬು, ಬಾಲ್ಕನಿಯಿಂದ ಬಿಸಿಲು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮೆಟ್ಟಿಲ ಮುಂದೆ ನಿಂತು ಫೋಟೋ ತೆಗೆದವರಿಗೆ ಇದು ಗೊತ್ತು: ಗೊಂಬೆಯ ಒಂದು ಕೆನ್ನೆ ನೀಲಿ, ಇನ್ನೊಂದು ಅರಿಶಿನ. ಚನ್ನಪಟ್ಟಣದ ಗೊಂಬೆಯಾದರೆ ಕಷ್ಟ ಇನ್ನೂ ಹೆಚ್ಚು. ತಿರುಗುವ ಮರಕ್ಕೆ ಅರಗು ಒತ್ತಿ ತಾಳೆಗರಿಯಿಂದ ಮೆರುಗು ಕೊಟ್ಟ ಮೈಯಲ್ಲಿ ಕಿಟಕಿ, ಟ್ಯೂಬು, ಫೋಟೋ ತೆಗೆಯುವವರ ಅಂಗಿ ಎಲ್ಲವೂ ಪ್ರತಿಫಲಿಸುತ್ತವೆ. ಇವನ್ನು ಹಾಗೇ ಬಿಡುವುದು ಪ್ರಾಮಾಣಿಕತೆಯಲ್ಲ, ಸೋಮಾರಿತನ. ಗೊಂಬೆಯ ಪಕ್ಕ ಒಂದು ಬೂದು ಕಾರ್ಡಿಟ್ಟು ತೆಗೆದು, ಆ ಬೂದು ಬೂದಾಗಿ ಕಾಣುವವರೆಗೆ ಬಣ್ಣ ಸರಿಪಡಿಸಿದರೆ ಫೋಟೋ ಗೊಂಬೆಗೆ ಹತ್ತಿರವಾಗುತ್ತದೆ. ಆದರೆ ಪಾಲಿಯುರೆಥೇನ್ ರೆಸಿನ್ ಬಿಸಿಲಿನ ಅತಿನೇರಳೆ ಕಿರಣಕ್ಕೆ ವರ್ಷ ಕಳೆದಂತೆ ಹಳದಿಯಾಗುತ್ತದೆ. ಬಲ್ಬಿನಿಂದ ಬಂದ ಹಳದಿಯನ್ನೂ ವಯಸ್ಸಿನಿಂದ ಬಂದ ಹಳದಿಯನ್ನೂ ಒಂದೇ ಸ್ಲೈಡರ್ ತೆಗೆದುಬಿಡುತ್ತದೆ, ಅದಕ್ಕೆ ಎರಡರ ವ್ಯತ್ಯಾಸ ತಿಳಿಯದು. ಬೂದು ಕಾರ್ಡು ಕೈಯಲ್ಲಿದ್ದವರಿಗೆ ತಿಳಿಯುತ್ತದೆ.

ಈ ಬಗೆಯ ಗಡಿ ಎಳೆಯುವುದು ಬೆಂಗಳೂರಿನ ಫೋಟೋಗ್ರಾಫರುಗಳಿಗೆ ಹೊಸದಲ್ಲ. ಹೆಬ್ಬಾಳ ಕೆರೆಯಲ್ಲಿ, ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿಗಳನ್ನು ತೆಗೆಯುವವರು ತಮ್ಮ ಚಿತ್ರವನ್ನು ಅಂತರರಾಷ್ಟ್ರೀಯ ಸ್ಪರ್ಧೆಯ ನಿಸರ್ಗ ವಿಭಾಗಕ್ಕೆ ಕಳಿಸುವಾಗ ಪಾಲಿಸುವ ನಿಯಮ ಹೀಗಿದೆ: ಚಿತ್ರದಲ್ಲಿ ಏನನ್ನೂ ಸೇರಿಸುವಂತಿಲ್ಲ, ಜಾಗ ಬದಲಿಸುವಂತಿಲ್ಲ, ತೆಗೆಯುವಂತಿಲ್ಲ, ಅಂಚು ಕತ್ತರಿಸಬಹುದು, ನೆರಳು ಬೆಳಕು ಸರಿದೂಗಿಸಬಹುದು, ಸೆನ್ಸರಿನ ಧೂಳಿನ ಚುಕ್ಕೆಯಂತೆ ಕ್ಯಾಮೆರಾ ಸೇರಿಸಿದ್ದನ್ನು ತೆಗೆಯಬಹುದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರು ನಿಸರ್ಗ ಛಾಯಾಗ್ರಹಣವನ್ನು ಬೆಳೆಸಿದ ಊರಿದು, ಇಲ್ಲಿ ಆ ಶಿಸ್ತನ್ನು ಯಾರೂ ಅತಿ ಎನ್ನುವುದಿಲ್ಲ. ಹಕ್ಕಿಯ ಬಾಲದಲ್ಲಿ ಉದುರಿದ ಗರಿಯನ್ನು ಬಿಡಿಸಿ ಸೇರಿಸಬಾರದೆನ್ನುವವರು ಗೊಂಬೆಯ ಮುರಿದ ಬೆರಳನ್ನು ಬಿಡಿಸಿ ಸೇರಿಸಬಹುದೆನ್ನಲು ಕಾರಣ ಕಾಣುವುದಿಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಹೀಗಿದೆ: ಹಕ್ಕಿ ಪ್ರಕೃತಿಯದು, ಗೊಂಬೆ ಮೊದಲಿನಿಂದಲೂ ಕೃತಕ, ಅದರ ಹುಬ್ಬು, ತುಟಿ, ರೆಪ್ಪೆಗಳೆಲ್ಲ ಯಾರೋ ಬಣ್ಣದಿಂದ ಬರೆದದ್ದು, ಬರೆದದ್ದರ ಮೇಲೆ ಇನ್ನೊಂದಿಷ್ಟು ಬರೆದರೆ ಏನು ಕೆಟ್ಟಿತು? ಗೊಂಬೆ ಕೃತಕವೆಂಬುದು ನಿಜ. ಆದರೆ ಆ ಹುಬ್ಬನ್ನು ಬರೆದವರಿಗೆ ಒಂದು ಕೈ ಇತ್ತು, ಅದು ನಡುಗಿತೋ ನಡುಗಲಿಲ್ಲವೋ ಎಂಬುದೇ ಅವರ ಕಸುಬು. ಅಂಕುಡೊಂಕನ್ನು ಪರದೆಯ ಮೇಲೆ ನೇರಮಾಡಿದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಅವರ ಹೆಸರಿನಲ್ಲೇ ತಿದ್ದಿದಂತಾಗುತ್ತದೆ. ಬೆಲ್ಮರ್ ಹಚ್ಚಿದ ಬಣ್ಣದ ಮಾತು ಬೇರೆ. ಗೊಂಬೆಯೂ ಅವನದು, ಚಿತ್ರವೂ ಅವನದು, ಬಣ್ಣ ಹಚ್ಚಿದ್ದು ನೋಡಿದ ಕೂಡಲೇ ಕಾಣುತ್ತಿತ್ತು. ಅಂಥ ಕಲ್ಪನೆಯ ಚಿತ್ರಕ್ಕೆ, ಗೊಂಬೆಯನ್ನು ನಂದಿಬೆಟ್ಟದ ಮಂಜಿನಲ್ಲಿ ನಿಲ್ಲಿಸಿದ, ಕಣ್ಣಲ್ಲಿ ಬೆಳಕು ತುಂಬಿದ ಚಿತ್ರಕ್ಕೆ, ಯಾವ ಅಡ್ಡಿಯೂ ಬೇಡ. ಕೀಲನ್ನೂ ಅಲ್ಲಿ ಮುಚ್ಚಲಿ. ಅದೇ ಚಿತ್ರ ಮ್ಯೂಸಿಯಮ್ಮಿನ ಪಟ್ಟಿಯಲ್ಲೋ ಮಾರಾಟದ ಪುಟದಲ್ಲೋ ಕಾಣಿಸಿಕೊಂಡಾಗ ಮಾತ್ರ ಜಗಳ.

ಸ್ಟ್ಯಾಂಡು ಮತ್ತು ದಾರ ಇನ್ನೊಂದು ಇಕ್ಕಟ್ಟು. ರೆಸಿನ್ ಗೊಂಬೆ ಕುಣಿಯುವಂತೆ ತೋರಲು ಸೊಂಟಕ್ಕೆ ತಂತಿ ಕೊಟ್ಟು ನಿಲ್ಲಿಸಿ ಆಮೇಲೆ ತಂತಿ ಅಳಿಸುತ್ತಾರೆ. ತಂತಿ ಗೊಂಬೆಯದಲ್ಲ, ಫೋಟೋ ತೆಗೆಯುವ ಏರ್ಪಾಟಿನದು; ಅಳಿಸಿದರೆ ತಪ್ಪಿಲ್ಲ, ಗೊಂಬೆ ತಾನೇ ನಿಲ್ಲಬಲ್ಲದೆಂದು ಹೇಳಿ ಮಾರದಿದ್ದರೆ ಸಾಕು. ಉಪ್ಪಿನಕುದ್ರುವಿನ ಗೊಂಬೆಯ ಮೇಲಿನ ಸೂತ್ರಗಳನ್ನು ಇದೇ ನ್ಯಾಯದಿಂದ ಅಳಿಸಬಹುದೇ? ಬಾರದು. ಸೂತ್ರ ಆ ಗೊಂಬೆಯ ಅಂಗ, ಅದು ಎಲ್ಲಿ ಕಟ್ಟಿದೆ ಎಂಬುದರಲ್ಲೇ ಆಡಿಸುವವರ ವಿದ್ಯೆ ಇದೆ. ಸೂತ್ರ ಅಳಿಸಿದ ಚಿತ್ರದಲ್ಲಿ ಗೊಂಬೆಯ ಕೈ ಕಾರಣವಿಲ್ಲದೆ ಗಾಳಿಯಲ್ಲಿ ನಿಂತಿರುತ್ತದೆ.

ತಿದ್ದಲೇ ಇಲ್ಲ ಎನ್ನುವವರ ಮಾತನ್ನೂ ಈಗ ಪೂರ್ತಿ ನಂಬಲಾಗದು. ಫೋನಿನ ಕ್ಯಾಮೆರಾ ಗೊಂಬೆಯ ಮುಖವನ್ನು ಎಷ್ಟೋ ಸಲ ಮನುಷ್ಯನ ಮುಖವೆಂದೇ ಗುರುತಿಸುತ್ತದೆ. ಬ್ಯೂಟಿ ಮೋಡ್ ಆನ್ ಆಗಿದ್ದರೆ ಮರದ ಎಳೆಯನ್ನು, ಕುಂಚದ ಗುರುತನ್ನು ಮೊಡವೆಯಂತೆ ಎಣಿಸಿ ನಯಗೊಳಿಸುತ್ತದೆ. ಆದ್ದರಿಂದ ಯಂತ್ರವೇ ಹೇಗೂ ತಿದ್ದುತ್ತದೆ, ಗಡಿ ಎಳೆದು ಪ್ರಯೋಜನವಿಲ್ಲ ಎಂದು ವಾದಿಸುವವರಿದ್ದಾರೆ. ಮೋಡ್ ಆಫ್ ಮಾಡಲು ಬರುತ್ತದೆ, ಅನೇಕ ಫೋನುಗಳಲ್ಲಿ ಅಂಥ ತಿದ್ದುಪಡಿಗೆ ಒಳಗಾಗದ ರಾ ಕಡತವೂ ಸಿಗುತ್ತದೆ ಎಂಬುದು ಅದಕ್ಕೆ ಉತ್ತರ.

ಕೊಳ್ಳುವವರ ಮಟ್ಟಿಗೆ ಇದು ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ. ಅದರಡಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಆನ್‌ಲೈನ್ ಮಾರಾಟಗಾರರ ಜಾಹೀರಾತು ವಸ್ತುವಿನ ನಿಜವಾದ ಗುಣಲಕ್ಷಣಕ್ಕೆ ಹೊಂದಬೇಕೆನ್ನುತ್ತವೆ. ಹಳದಿಯಾದ ಗೊಂಬೆಯನ್ನು ಬಿಳಿಯಾಗಿ ತೋರಿಸಿ ವ್ಯಾಪಾರ ಮಾಡುವವರು ಈ ಮಾತಿನ ಎದುರು ನಿಲ್ಲಲಾರರು. ಹವ್ಯಾಸಕ್ಕೆ ತೆಗೆಯುವವರಿಗೆ ಕಾನೂನಿನ ಭಯ ಬೇಡ. ಅವರಲ್ಲಿ ಕೇಳಿಕೊಳ್ಳುವುದು ಇಷ್ಟು: ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಏನು ತಿದ್ದಿದ್ದೀರೆಂದು ಚಿತ್ರದ ಕೆಳಗೆ ಒಂದು ಸಾಲು ಬರೆಯಿರಿ, ಕ್ಯಾಮೆರಾದಿಂದ ಬಂದ ಮೂಲ ಕಡತವನ್ನು ಅಳಿಸಬೇಡಿ.